ಅಂಗಡಿಯ ಕೊಕೊಪೀಟೋ, ಮನೆಯ ತೆಂಗಿನ ಸಿಪ್ಪೆಯೋ?

ಕಳೆದ ಬೇಸಿಗೆಯಲ್ಲಿ ಕಾಸರಗೋಡು ಬಳಿಯ ಬದಿಯಡ್ಕದ ನಮ್ಮ ಹಿತ್ತಲಿನ ತರಕಾರಿಯ ಬುಡಕ್ಕೆ, ಮಣ್ಣಿನ ತೇವ ಉಳಿಯಲಿ ಅಂತ, ಮೂರು ಬಗೆಯ ಹೊದಿಕೆ ಹಾಕಿ ನೋಡಿದೆ. ನಮ್ಮದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ಎಷ್ಟು ಸುರಿದರೂ ಜನವರಿ ಕಳೆದರೆ ಮಣ್ಣು ಕಾದ ಕಾವಲಿ. ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಏಪ್ರಿಲ್‌ನಲ್ಲಿ ನೂಲಿನಷ್ಟೇ ಬರುತ್ತದೆ.

ಮೊದಲು ದುಡ್ಡು ಕೊಟ್ಟು ತಂದದ್ದು. ತೆಂಗಿನ ನಾರಿನ ಹುಡಿಯನ್ನು ಒತ್ತಿ ಮಾಡಿದ 5 ಕೆಜಿಯ ಕೊಕೊಪೀಟ್ ಇಟ್ಟಿಗೆ, ಒಂದಕ್ಕೆ 220 ರೂಪಾಯಿ. ನೆನೆಹಾಕಿದರೆ ಚೆನ್ನಾಗಿ ಉಬ್ಬುತ್ತದೆ. ಆದರೂ ಎರಡು ಇಟ್ಟಿಗೆ ಬದನೆಯ ಒಂದು ಸಾಲಿಗೇ ಸಾಕಾಗಲಿಲ್ಲ, ಒಣಗಿದ ಮೇಲೆ ಗಾಳಿಗೆ ಹಾರಿತು, ಉಳಿದದ್ದನ್ನು ಕೋಳಿಗಳು ಕೆದಕಿ ಹಾಕಿದವು. ಹಾಗಾಗಿ ಹಾರೆಯಲ್ಲಿ ಮಣ್ಣಿಗೆ ಬೆರೆಸಿಬಿಟ್ಟೆ. ಅದೇ ತಪ್ಪಾಯಿತು. ನಾರಿನ ಹುಡಿ ನೀರು ಹಿಡಿಯುತ್ತದೆ, ಆದರೆ ಗೊಬ್ಬರವಲ್ಲ; ಮಣ್ಣಿನೊಳಗೆ ಕೊಳೆಯುವಾಗ ಇದ್ದ ಸಾರಜನಕವನ್ನೂ ಎಳೆದುಕೊಳ್ಳುತ್ತದೆ. ಬದನೆಯ ಎಲೆ ಹಳದಿಯಾದದ್ದು ಅದರಿಂದಲೇ ಅಂತ ನನ್ನ ಲೆಕ್ಕ. ಟ್ರೇಯಲ್ಲಿ ಬೀಜ ಮೊಳಕೆ ಬರಿಸಲು ಮಾತ್ರ ಈಗಲೂ ಬಳಸುತ್ತೇನೆ.

ಅದೇ ತೆಂಗಿನಕಾಯಿಯ ಸಿಪ್ಪೆ ನಮ್ಮ ಹಟ್ಟಿಯ ಹಿಂದೆ ರಾಶಿ ಬಿದ್ದಿತ್ತು, ಬಚ್ಚಲ ಒಲೆಗೆ ಬಿಟ್ಟರೆ ಬೇರೆ ಕೆಲಸ ಇರಲಿಲ್ಲ. ಬಸಳೆ ಚಪ್ಪರದ ಬುಡಕ್ಕೆ ಅದನ್ನು ಕವುಚಿ ಹಾಕಿದೆ, ಹೊರಮೈ ಮೇಲೆ ಬರುವ ಹಾಗೆ. ಅಂಗಾತ ಇಟ್ಟರೆ ಗುಳಿಯಲ್ಲಿ ನೀರು ನಿಂತು ಸೊಳ್ಳೆ ಆಗುತ್ತದೆ, ಅಲ್ವಾ? ಏಪ್ರಿಲ್‌ನ ಒಂದು ಮಧ್ಯಾಹ್ನ, ಚಪ್ಪಲಿ ಇಲ್ಲದೆ ಅಂಗಳ ದಾಟಲು ಆಗದಷ್ಟು ಬಿಸಿಲಿನಲ್ಲಿ, ಒಂದು ಸಿಪ್ಪೆ ಎತ್ತಿ ನೋಡಿದೆ. ಅಡಿಯ ಮಣ್ಣು ತಣ್ಣಗೆ, ಕಪ್ಪಗೆ. ಬಸಳೆಯ ಬಿಳಿ ಬೇರು ನಾರಿನೊಳಗೇ ಹೊಕ್ಕು ಕಚ್ಚಿಕೊಂಡಿತ್ತು, ಬಿಡಿಸಲು ಮನಸ್ಸಾಗದೆ ಹಾಗೇ ಮುಚ್ಚಿಟ್ಟೆ. ಎರಡು ದಿನಕ್ಕೊಮ್ಮೆ ಹಾಕುತ್ತಿದ್ದ ನೀರು ಅಲ್ಲಿ ನಾಲ್ಕು ದಿನಕ್ಕೊಮ್ಮೆ ಸಾಕಾಯಿತು. ಸಿಪ್ಪೆಯಲ್ಲಿ ಪೊಟ್ಯಾಷ್ ಬೇರೆ ಇದೆ. ಗೆದ್ದಲು ಬರುತ್ತದೆ, ಅದೊಂದು ತೊಂದರೆ. ಅಂಚುಗಳನ್ನು ಆಗಾಗ ಎತ್ತಿ ನೋಡಬೇಕು.

ಅಲಸಂಡೆಗೆ ಅಡಿಕೆ ಸೋಗೆ. ಹಗುರ, ಬೇಗ ಹರಡಬಹುದು, ಮಳೆ ಬಂದರೆ ಸಿಪ್ಪೆಗಿಂತ ಬೇಗ ಕರಗುತ್ತದೆ. ಅಡಿಯಲ್ಲಿ ಹಾವು ಸೇರುವ ಭಯ ಇದೆ, ಕೋಲಿನಲ್ಲಿ ತಟ್ಟಿಯೇ ಕೈ ಹಾಕಿ.

ಇನ್ನು ಗೊಬ್ಬರ. ಪೇಟೆಯಿಂದ ತಂದ ಎರೆಗೊಬ್ಬರದ ಒಂದು ಚೀಲ ಯಾಕೋ ತುಂಬಾ ಭಾರ ಅನಿಸಿತು. ಒಂದು ಹಿಡಿಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿದೆ. ಎರಡು ಬೆರಳು ಮರಳು ತಳಕ್ಕೆ ಕೂತಿತು. ತುಂಬಾ ಬೇಜಾರಾಯಿತು. ತೆಂಗಿನ ಮಡಲಿನಿಂದ, ಅಂದರೆ ಒಣಗರಿಯಿಂದ, ಎರೆಗೊಬ್ಬರ ಮಾಡುವ ಕ್ರಮವನ್ನು ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯೇ ರೂಪಿಸಿದೆ: ಮಳೆ ಬಿಸಿಲಿಗೆ ಹಣ್ಣಾದ ಮಡಲು 10 ಪಾಲು, ಸೆಗಣಿ 1 ಪಾಲು ತೂಕದಲ್ಲಿ, ಯೂಡ್ರಿಲಸ್ ಜಾತಿಯ ಎರೆಹುಳ. ನಾನು ಹುಳಕ್ಕೆ ಒಂದೇ ಸಲ ದುಡ್ಡು ಕೊಟ್ಟೆ. ಮಡಲಿನ ದಪ್ಪ ದಿಂಡು ಕಡಿದು ತೆಗೆದೆ, ತೊಟ್ಟಿಗೆ ನೆರಳು ಮಾಡಿದೆ, ಸುತ್ತ ಇರುವೆ ಬರದಂತೆ ನೀರಿನ ಕಾಲುವೆ ಬಿಟ್ಟೆ. ನಾಲ್ಕು ತಿಂಗಳು ಹಿಡಿಯಿತು. ಚಹಾ ಹುಡಿಯಂತಹ ಗೊಬ್ಬರ ಬಂತು, ಲೋಟದ ತಳದಲ್ಲಿ ಮರಳೇ ಇಲ್ಲ.

ಬರಿ ಹಟ್ಟಿಗೊಬ್ಬರದ ಗುಂಡಿಯೂ ಇದೆ, ಖರ್ಚಿಲ್ಲ. ಆದರೆ ತೆಂಗಿನ ಕುರುವಾಯಿ ದುಂಬಿ ಅದರಲ್ಲೇ ಮೊಟ್ಟೆ ಇಡುತ್ತದೆ, ಬುಟ್ಟಿ ತುಂಬುವಾಗೆಲ್ಲ ಬಿಳಿ ಹುಳ ಹೆಕ್ಕಬೇಕು.

ಈ ಸಲ ಬೇಲಿಗೆ ಗೊಬ್ಬರದ ಸೊಪ್ಪಿನ ಮರ ಗ್ಲಿರಿಸಿಡಿಯಾದ ಗೂಟ ಊರಿದ್ದೇನೆ. ಸೊಪ್ಪು ಕಡಿಯಲು ಬಂದ ಮೇಲೆ ಸಿಪ್ಪೆಯ ಅಡಿಗೆ ಒಂದು ಪದರ ಹಾಕಿ, ಬದನೆಯನ್ನು ಮತ್ತೆ ಅಲ್ಲೇ ನೆಡುತ್ತೇನೆ.