ಕೊನೆಯ ಕಾರು ಶೆಡ್ಡಿನಲ್ಲೇ ಇತ್ತು

“ಅಪ್ಪಾ, ಇನ್ನು ನೀನು ತೆಗೆದುಕೊಳ್ಳುವುದು ಕೊನೆಯ ಕಾರು, ಸರಿಯಾದದ್ದೇ ನೋಡು” ಎಂದು ಮಗ ಬೆಂಗಳೂರಿನಿಂದ ಫೋನಿನಲ್ಲಿ ಹೇಳಿದಾಗ ನನಗೆ ಅರವತ್ತೊಂದು ತುಂಬಿ ಮೂರು ದಿನವಾಗಿತ್ತು. ನನ್ನ ಆಯುಷ್ಯವನ್ನು ಕಾರಿನ ಲೆಕ್ಕದಲ್ಲಿ ಅಳೆದನಲ್ಲ ಎಂದು ಸಿಟ್ಟು ಬಂದರೂ ಮಾತು ಸುಳ್ಳಾಗಿರಲಿಲ್ಲ. ಎರಡು ತಿಂಗಳು ಶಿವಮೊಗ್ಗದ ಶೋರೂಮುಗಳನ್ನು ಸುತ್ತಿದೆ. ಕೊನೆಗೆ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನಿಂತಿದ್ದ 2003ರ ಟೊಯೊಟಾ ಕ್ವಾಲಿಸ್‌ಗೇ ಹೊಸ ಬ್ಯಾಟರಿ ಹಾಕಿಸಿದೆ.

ಇದನ್ನು ನಾನು 2010ರಲ್ಲಿ ಡಾಕ್ಟರೊಬ್ಬರಿಂದ 2 ಲಕ್ಷ 80 ಸಾವಿರಕ್ಕೆ ಕೊಂಡದ್ದು. ಆಗ ಓಡಿದ್ದು ಒಂದು ಲಕ್ಷದ ಹತ್ತು ಸಾವಿರ ಕಿಲೋಮೀಟರು, ಈಗ ಮೂರು ಲಕ್ಷಕ್ಕೆ ಆರು ಸಾವಿರ ಕಡಿಮೆ. ಟೊಯೊಟಾದ ಬಿಡದಿ ಕಾರ್ಖಾನೆಯಿಂದ 2000ದಲ್ಲಿ ಹೊರಬಂದ ಮೊದಲ ಗಾಡಿಯೇ ಕ್ವಾಲಿಸ್. ಮೂಲದಲ್ಲಿ ಇದು ಇಂಡೋನೇಷ್ಯಾದ ಕಿಜಾಂಗ್. ಎಂಬತ್ತರ ದಶಕದ ವಿನ್ಯಾಸ, ನಮ್ಮಲ್ಲಿಗೆ ಬರುವ ಹೊತ್ತಿಗೇ ಹಳತಾಗಿತ್ತು. ಕಿಜಾಂಗ್ ಎಂದರೆ ಅವರ ಭಾಷೆಯಲ್ಲಿ ಕಾಡುಕುರಿಯಂತೆ. ನಮ್ಮ ತೋಟದಂಚಿನಲ್ಲಿ ರಾತ್ರಿ ನಾಯಿಯಂತೆ ಬೊಗಳುವ ಅದೇ ಪ್ರಾಣಿ. ಹೆಸರು ತಿಳಿದ ಮೇಲೆ ಗಾಡಿಯ ಮೇಲೆ ಮಮತೆ ಹೆಚ್ಚಿತು ಎಂದರೆ ನಗಬೇಡಿ.

2,446 ಸಿಸಿ ಡೀಸೆಲ್ ಎಂಜಿನ್, ಟರ್ಬೊ ಇಲ್ಲ, ಶಕ್ತಿ 75 ಅಶ್ವಶಕ್ತಿಯಷ್ಟೇ. ಓವರ್‌ಟೇಕ್ ಮಾಡುವ ಆಸೆ ಇದ್ದವರು ಇದರ ಹತ್ತಿರ ಸುಳಿಯಬಾರದು. ಆದರೆ ಹೆಬ್ರಿ ಕಡೆಯಿಂದ ಎಂಟು ಜನರನ್ನು ಕೂರಿಸಿಕೊಂಡು ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಹತ್ತುವಾಗ ಇದರ ಗುಣ ಗೊತ್ತಾಗುತ್ತದೆ. ಎರಡನೇ ಗೇರಿಗೆ ಹಾಕಿ ಬಿಟ್ಟರೆ ಗೊಣಗುತ್ತಾ, ಒಂದೇ ಹದದಲ್ಲಿ, ಬೆವರದೆ ಏರುತ್ತದೆ. ನಮ್ಮ ಭಾವನ ಅಂಬಾಸಿಡರಿನಲ್ಲಿ ಹೋಗುತ್ತಿದ್ದ ಕಾಲದಲ್ಲಿ ಅರ್ಧ ಘಾಟಿಗೆ ನಿಲ್ಲಿಸಿ ರೇಡಿಯೇಟರಿಗೆ ನೀರು ಸುರಿಯುವುದು ಪ್ರಯಾಣದ ಒಂದು ಅಂಗವೇ ಆಗಿತ್ತು. ಇದರಲ್ಲಿ ಆ ಕೆಲಸಕ್ಕೆ ನಾನು ಒಮ್ಮೆಯೂ ಇಳಿದಿಲ್ಲ.

ಚಳಿಗಾಲದ ಬೆಳಗ್ಗೆ ಮಾತ್ರ ಇದಕ್ಕೆ ಮುನಿಸು. ಕೀ ತಿರುಗಿಸಿದರೆ ಸುರುಳಿ ಗುರುತಿನ ಹಳದಿ ದೀಪ ಹೊತ್ತಿಕೊಳ್ಳುತ್ತದೆ, ಅದು ಆರುವವರೆಗೆ ಕಾಯಬೇಕು. ಸಿಲಿಂಡರುಗಳನ್ನು ಬಿಸಿ ಮಾಡುವ ನಾಲ್ಕು ಹೀಟರ್ ಪ್ಲಗ್ಗುಗಳಲ್ಲಿ ಒಂದು ಕೆಟ್ಟಿದ್ದರೂ ಮುಗಿಯಿತು. ಮೂರೇ ಸಿಲಿಂಡರಿನಲ್ಲಿ ಗಡಗಡ ನಡುಗುತ್ತಾ ಎದ್ದು ಅಡಿಕೆ ಚಪ್ಪರದ ಕೆಳಗೆಲ್ಲ ಬಿಳಿ ಹೊಗೆ ತುಂಬಿಸುತ್ತದೆ. ಸುಲಿಯಲು ಕೂತ ಹೆಂಗಸರು ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ನನ್ನನ್ನೇ ನೋಡುತ್ತಾರೆ.

ಹಿಂದೆ ಎದುರುಬದುರಾಗಿ ಕೂರುವ ಬೆಂಚುಗಳಿವೆ. ಮಡಚಿದರೆ ಅಡಿಕೆ ಚೀಲ, ಗೊಬ್ಬರ, ಒಮ್ಮೆ ಹುಟ್ಟಿ ಎರಡು ದಿನದ ಕರು, ಎಲ್ಲವೂ ಹಿಡಿಸಿದೆ. ಇಲ್ಲೇ ನನ್ನ ದೊಡ್ಡ ತಪ್ಪು ನಡೆದದ್ದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುವ ಕಾಲ, ಅದಕ್ಕೆ ಬೆರೆಸುವ ಮೈಲುತುತ್ತದ (ತಾಮ್ರದ ಸಲ್ಫೇಟ್) ಚೀಲವೊಂದು ಮಳೆಯಲ್ಲಿ ನೆನೆದು ಒಳಗೇ ಸೋರಿತು. ತೋಟದ ಗಡಿಬಿಡಿಯಲ್ಲಿ ನಾಲ್ಕು ದಿನ ಹಾಗೇ ಬಿಟ್ಟೆ. ಮ್ಯಾಟ್ ಎತ್ತಿದರೆ ನೆಲದ ತಗಡಿನ ಮೇಲೆ ತಾಮ್ರದ ಕೆಂಪು ಪೊರೆ, ಬೆರಳಿನಲ್ಲಿ ಒತ್ತಿದರೆ ಬಿಸ್ಕತ್ತಿನಂತೆ ಪುಡಿಯಾಗುವ ಕಬ್ಬಿಣ. ಅಂಗೈಯಗಲದ ತೂತಿನಿಂದ ಕೆಳಗಿನ ರಸ್ತೆ ಕಾಣುತ್ತಿತ್ತು. ವೆಲ್ಡಿಂಗ್ ಅಂಗಡಿಯವನು ಹೊಸ ತಗಡು ಕೂರಿಸಿ 4,500 ತೆಗೆದುಕೊಂಡ. ಚಾಸಿಸ್, ಅಂದರೆ ಅಡಿಯ ಚೌಕಟ್ಟು, ಬೇರೆಯಾಗಿಯೇ ಇರುವ ಗಾಡಿಯಾದ್ದರಿಂದ ಬಚಾವು ಎಂದ.

ಹೊಸ ಗಾಡಿಗಳನ್ನು ನೋಡಲು ಒಮ್ಮೆ ನಮ್ಮ ಪೇಟೆಯ ಗ್ಯಾರೇಜಿನ ಮೇಸ್ತ್ರಿಯನ್ನೂ ಕರೆದುಕೊಂಡು ಹೋಗಿದ್ದೆ. ಶೋರೂಮಿನ ಹುಡುಗ ಪರದೆ ಒತ್ತಿ ಒತ್ತಿ ತೋರಿಸುತ್ತಿದ್ದ. ಮೇಸ್ತ್ರಿ ಬಾನೆಟ್ ಎತ್ತಿಸಿ, ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ಒಂದು ನಿಮಿಷ ದಿಟ್ಟಿಸಿ, ಏನನ್ನೂ ಮುಟ್ಟದಿದ್ದರೂ ಕೈ ಒರೆಸಿಕೊಂಡರು. “ಇದು ನನ್ನ ಕೈಯಲ್ಲಾಗುವುದಲ್ಲ ರಾಯರೇ” ಎಂದರು. ಕರೆಂಟಿನ ಕಾರನ್ನೂ ಓಡಿಸಿ ನೋಡಿದೆ. ಬಹಳ ಸೊಗಸು, ಸದ್ದೇ ಇಲ್ಲ. ಬ್ಯಾಟರಿಗೆ ಎಂಟು ವರ್ಷ ವಾರಂಟಿ ಎಂದರು. ನನ್ನ ಅಜ್ಜ ಬದುಕಿದ್ದು ತೊಂಬತ್ತೆರಡು ವರ್ಷ, ಆ ಲೆಕ್ಕಕ್ಕೆ ಎಂಟು ಸಾಲದು. ಕ್ವಾಲಿಸ್‌ಗಾದರೋ ಲಕ್ಷ ಕಿಲೋಮೀಟರಿಗೊಮ್ಮೆ ಟೈಮಿಂಗ್ ಬೆಲ್ಟ್ ಮರೆಯದೆ ಬದಲಿಸಬೇಕು, ವರ್ಷಕ್ಕೊಮ್ಮೆ ಹಿಂದಿನ ಪ್ಲೇಟ್ ಕಟ್ (ಪಟ್ಟಿ ಸ್ಪ್ರಿಂಗು) ನೋಡಿಸಬೇಕು. ಉಳಿದದ್ದನ್ನು ಮೇಸ್ತ್ರಿ ಸದ್ದು ಕೇಳಿಯೇ ಹೇಳುತ್ತಾರೆ. ಅವರಿಗೆ ನನಗಿಂತ ಹತ್ತು ವರ್ಷ ಕಡಿಮೆ. ಅದನ್ನೂ ಲೆಕ್ಕಕ್ಕೆ ಹಿಡಿದಿದ್ದೇನೆ.

ಮಗನ ವಾದ ಗೆಲ್ಲುವುದು ಒಂದೇ ಕಡೆ. ಇದರಲ್ಲಿ ಏರ್‌ಬ್ಯಾಗ್ ಇಲ್ಲ, ಬ್ರೇಕ್ ಒತ್ತಿದಾಗ ಚಕ್ರ ಜಾರದಂತೆ ತಡೆಯುವ ಎಬಿಎಸ್ ಇಲ್ಲ. ಮಳೆಯಲ್ಲಿ ಬ್ರೇಕ್ ಒತ್ತಿದರೆ ಹಿಂಭಾಗ ಸ್ವಲ್ಪ ವಾಲಾಡುತ್ತದೆ. ಹೆಡ್‌ಲೈಟು ಚಿಮಣಿ ದೀಪಕ್ಕಿಂತ ವಾಸಿ, ಅಷ್ಟೇ. ಇದಕ್ಕೆ ನನ್ನ ಬಳಿ ಉತ್ತರವಿಲ್ಲ, ಕಟ್ಟುಪಾಡು ಮಾತ್ರ ಇದೆ: ವೇಗ ಅರವತ್ತು ದಾಟಿಸುವುದಿಲ್ಲ, ಕತ್ತಲಾದ ಮೇಲೆ ಹೊರಡುವುದಿಲ್ಲ, ಬೆಂಗಳೂರಿಗೆ ಬಸ್ಸಿನಲ್ಲೇ ಹೋಗುತ್ತೇನೆ. ದಿನಾ ಹೆದ್ದಾರಿಯಲ್ಲಿ ಓಡಾಡುವವರು, ಚಿಕ್ಕ ಮಕ್ಕಳಿರುವವರು ಈ ಗಾಡಿಯ ಆಸೆಗೆ ಬೀಳಬೇಡಿ.

ಮೈಲೇಜು ಲೀಟರಿಗೆ ಹನ್ನೆರಡು. ಎಸಿ ಕೆಟ್ಟು ಆರು ವರ್ಷವಾಯಿತು, ನಮ್ಮೂರಿಗೆ ಬೇಕಾಗಿಲ್ಲ.

ದೆಹಲಿಯಲ್ಲಿದ್ದಿದ್ದರೆ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಯೆಂದು ಇದನ್ನು ಎಂದೋ ರಸ್ತೆಯಿಂದ ಇಳಿಸುತ್ತಿದ್ದರು. ಇಲ್ಲಿ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಿದರೆ ಸಾಕು. 2018ರಲ್ಲಿ ಅದರ ಶುಲ್ಕ 600 ರೂಪಾಯಿ ಇತ್ತು, 2023ರಲ್ಲಿ 5,000 ಕಟ್ಟಿ ಬಂದೆ. 2028ರವರೆಗೆ ಚಿಂತೆಯಿಲ್ಲ, ಆಮೇಲಿನದು ಸರ್ಕಾರದ ಮರ್ಜಿ.

ಹೊಸ ಕಾರಿಗೆಂದು ಎತ್ತಿಟ್ಟ ಹಣದಲ್ಲಿ ಈ ತಿಂಗಳು ನಾಲ್ಕು ಹೀಟರ್ ಪ್ಲಗ್ಗು, ಎರಡು ಟೈರು, ಕ್ಲಚ್ ಪ್ಲೇಟು ಹಾಕಿಸಿದೆ. ಬಣ್ಣ ಬಳಿಸುವುದು ಬಾಕಿ ಇದೆ. ಮೇಸ್ತ್ರಿ ದೀಪಾವಳಿ ಕಳೆಯಲಿ ಎಂದಿದ್ದಾರೆ. ಬಿಳಿಯೋ ಹಸಿರೋ ಎಂದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.