ಜೂಜಿನ ಲೆಕ್ಕಕ್ಕೆ ಒಂದು ಸ್ಪ್ರೆಡ್‌ಶೀಟ್: ಮೂರು ವರ್ಷ ಬಳಸಿದ ಮೇಲೆ

ಲೆಕ್ಕ ಬರೆಯೋಕೆ ಶುರು ಮಾಡುವ ಮುಂಚೆ ಯಾರಾದರೂ ಕೇಳಿದ್ದರೆ, 'ಹೋಗಿದ್ದಕ್ಕೂ ಬಂದಿದ್ದಕ್ಕೂ ಸರಿಹೋಗಿದೆ' ಅಂತ ಧೈರ್ಯವಾಗಿ ಹೇಳುತ್ತಿದ್ದೆ. ನಿಜವಾಗಿಯೂ ಹಾಗೇ ನಂಬಿದ್ದೆ. ದೊಡ್ಡ ಗೆಲುವು ವರ್ಷಗಟ್ಟಲೆ ನೆನಪಿರುತ್ತದೆ. ಐವತ್ತು, ನೂರು ಅಂತ ಹೋದ ದುಡ್ಡು ಮಾರನೇ ದಿನಕ್ಕೇ ಮರೆತುಹೋಗುತ್ತದೆ, ಅಲ್ವಾ?

ಮೊದಲು ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡಿದ್ದೆ. ನೋಡೋಕೆ ಚೆನ್ನಾಗಿತ್ತು. ಆದರೆ ಫೋನ್ ಬದಲಾಯಿಸಿದಾಗ ಎಂಟು ತಿಂಗಳ ಲೆಕ್ಕ ಪೂರ್ತಿ ಹೋಯಿತು. ಆಮೇಲೆ ಸಾದಾ ಸ್ಪ್ರೆಡ್‌ಶೀಟ್‌ಗೆ ಬಂದೆ. ಇವತ್ತಿಗೂ ಅದೇ.

ತಾರೀಖು, ಆಟ, ಹಾಕಿದ ದುಡ್ಡು, ವಾಪಸ್ ತಂದ ದುಡ್ಡು, ಎಷ್ಟು ಹೊತ್ತು. ಮೊದಲಿಗೆ ನಾನು ತುಂಬುತ್ತಿದ್ದದ್ದು ಇಷ್ಟೇ. ಗೆಲುವು ಸೋಲಿನ ಕಾಲಂಗೆ ಕೈ ಹಚ್ಚುವುದಿಲ್ಲ, ಫಾರ್ಮುಲಾ ಕಳೆದು ತೋರಿಸುತ್ತದೆ. ಕೈಯಲ್ಲಿ ಬರೆದಾಗ '300 ಗೆದ್ದೆ' ಅಂತ ಬರೆದು, ನಡುವೆ ಇನ್ನೊಮ್ಮೆ 250 ಹಾಕಿದ್ದನ್ನು ಬಿಟ್ಟುಬಿಡುತ್ತಿದ್ದೆ. ಆನ್‌ಲೈನ್ ಆಟಕ್ಕೂ ಇದೇ ನಿಯಮ. ವಾಲೆಟ್‌ನಲ್ಲಿ ಕಾಣುವ ದುಡ್ಡನ್ನು, ಬೋನಸ್ಸನ್ನು ನಾನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಬ್ಯಾಂಕಿಗೆ ವಾಪಸ್ ಬಂದರೆ ಮಾತ್ರ ಬಂದ ಹಾಗೆ.

ಹೊತ್ತಿನ ಕಾಲಂ ಸುಮ್ನೆ ಹಾಕಿದ್ದೆ, ಕಣ್ಣು ತೆರೆಸಿದ್ದು ಅದೇ. ರೂಲೆಟ್ ಅಂದರೆ ತಿರುಗುವ ಚಕ್ರದಲ್ಲಿ ಗುಂಡು ಯಾವ ಮನೆಯಲ್ಲಿ ನಿಲ್ಲುತ್ತದೆ ಅಂತ ದುಡ್ಡು ಕಟ್ಟುವ ಆಟ. ಒಂದೇ ಸೊನ್ನೆ ಇರುವ ಚಕ್ರದಲ್ಲಿ 37 ಮನೆ, ಅದರಲ್ಲಿ ಕೆಂಪು 18. ಕೆಂಪಿಗೆ ಕಟ್ಟಿ ಗೆದ್ದರೆ ಕಟ್ಟಿದಷ್ಟೇ ಲಾಭ. ಹಾಗಾಗಿ ಕಟ್ಟಿದ ಪ್ರತಿ 100ಕ್ಕೆ ಸರಾಸರಿ 2.7 ಹೋಗುತ್ತದೆ. ಇಷ್ಟೇನಾ ಅಂದುಕೊಂಡಿದ್ದೆ. ಆದರೆ ಇದು ಜೇಬಿನಿಂದ ತೆಗೆದ ದುಡ್ಡಿನ ಮೇಲಲ್ಲ, ತಿರುಗಿ ತಿರುಗಿ ಕಟ್ಟುವ ಒಟ್ಟು ದುಡ್ಡಿನ ಮೇಲೆ. ಸಲಕ್ಕೆ 10ರಂತೆ ಗಂಟೆಗೆ 40 ಸಲ ಕಟ್ಟಿದರೆ 400 ಆಯಿತು, ಗಂಟೆಗೆ ಸುಮಾರು 11 ನಷ್ಟ. ಒಂದು ಸಂಜೆಯ ಏರಿಳಿತದಲ್ಲಿ ಇದು ಗೊತ್ತೇ ಆಗುವುದಿಲ್ಲ. ಮೂರು ವರ್ಷದ ಶೀಟಿನಲ್ಲಿ ಎದ್ದು ಕಾಣುತ್ತದೆ.

ಕೊರತೆ ಅಂದರೆ, ಶೀಟ್ ತಾನಾಗಿ ನೆನಪಿಸುವುದಿಲ್ಲ. ಸೋತ ದಿನ ತೆರೆಯೋಕೇ ಮನಸ್ಸು ಬರುವುದಿಲ್ಲ. ಒಮ್ಮೆ ಮೂರು ವಾರ ಖಾಲಿ ಬಿಟ್ಟೆ. ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಒಂದಿಷ್ಟು ತುಂಬಿದೆ, ನಗದು ಹೋಗಿದ್ದು ಇವತ್ತಿಗೂ ಸಿಕ್ಕಿಲ್ಲ. ಈಗ ಕುರ್ಚಿಯಿಂದ ಏಳುವ ಮೊದಲೇ ಬರೆಯುತ್ತೇನೆ.

ಹೋದದ್ದನ್ನು ವಾಪಸ್ ಪಡೆಯಬೇಕು ಅಂತಲೇ ಮತ್ತೆ ಆಡೋಕೆ ಹೋಗುತ್ತಿದ್ದರೆ, ಮನೆಯವರಿಂದ ಲೆಕ್ಕ ಮುಚ್ಚಿಡುತ್ತಿದ್ದರೆ, ಶೀಟ್ ಸಾಲದು. ದಯವಿಟ್ಟು ಯಾರ ಹತ್ತಿರವಾದರೂ ಬಾಯಿಬಿಟ್ಟು ಹೇಳಿ, ಸಹಾಯ ತಗೊಳ್ಳಿ.

ಎರಡನೇ ತಿಂಗಳಲ್ಲಿ ಸೇರಿಸಿದ ಒಂದು ಕಾಲಂ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು: 'ಮೊದಲೇ ಅಂದುಕೊಂಡದ್ದು', ಅಂದರೆ ಇವತ್ತು ಇಷ್ಟೇ ಹಾಕುತ್ತೇನೆ ಅಂತ. ಮನೆ ಬಿಡುವ ಮುಂಚೆಯೇ ಅದನ್ನು ತುಂಬುತ್ತೇನೆ. ಒಂದು ಸಾಲು ಹೀಗಿದೆ: ಅಂದುಕೊಂಡದ್ದು 200, ಹಾಕಿದ್ದು 600, ತಂದಿದ್ದು 710. ಮುಂಚೆ ಆಗಿದ್ದರೆ 110 ಗೆದ್ದ ಒಳ್ಳೆಯ ದಿನ ಅಂತ ಎಲ್ಲರಿಗೂ ಹೇಳುತ್ತಿದ್ದೆ. ಈಗ, ಅಂದುಕೊಂಡದ್ದನ್ನು ಮೀರಿದ್ದಕ್ಕೆ ಆ ಸಾಲಿಗೆ ಕೆಂಪು ಬಣ್ಣ ಹಚ್ಚಿದ್ದೇನೆ. ಮೊದಲ ವರ್ಷ ಅಂಥ ಕೆಂಪು ಸಾಲು ಒಂಬತ್ತಿದ್ದವು, ಎರಡನೇ ವರ್ಷ ಐದು. ಮೂರನೇ ವರ್ಷ ಎರಡು. ಒಟ್ಟು ಲೆಕ್ಕ ಈಗಲೂ ನಷ್ಟದಲ್ಲೇ ಇದೆ. ಆ ಮೂರು ವಾರದ ನಗದು ಒಂದು ಬಿಟ್ಟರೆ, ಎಷ್ಟು ಅಂತ ಕೊನೆಯ ಪೈಸೆವರೆಗೂ ನನಗೂ ಗೊತ್ತು, ನನ್ನ ಹೆಂಡತಿಗೂ ಗೊತ್ತು.