ಹಳೆ ರಿಲೇಗಳಿಗೆ ಮಾಡ್‌ಬಸ್ ಗೇಟ್‌ವೇ: ಕೆಲವು ಹಂಗಾಮು ಬಳಸಿದ ಮೇಲೆ

ಮುಧೋಳ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗದಲ್ಲಿ ಇದ್ದೇನೆ. 11 ಕೆವಿ ಪ್ಯಾನೆಲ್‌ಗಳ ನ್ಯೂಮರಿಕಲ್ ರಿಲೇಗಳನ್ನು, ಅಂದರೆ ಫಾಲ್ಟ್ ಕಂಡರೆ ಬ್ರೇಕರ್ ಬೀಳಿಸುವ ಡಿಜಿಟಲ್ ಸಾಧನಗಳನ್ನು, ಕಂಟ್ರೋಲ್ ರೂಮ್ ಕಂಪ್ಯೂಟರಿಗೆ ಜೋಡಿಸಲು ಈ ಗೇಟ್‌ವೇ ಹಾಕಿದೆವು. ಒಂದು ಕಡೆ ರಿಲೇಗಳಿಗೆ ಹೋಗುವ ಆರ್‌ಎಸ್-485 (ಎರಡು ವೈರಿನ ಸೀರಿಯಲ್ ಲೈನ್), ಇನ್ನೊಂದು ಕಡೆ ಈಥರ್ನೆಟ್, ಎರಡೂ ಕಡೆ ಮಾತಾಡುವ ಭಾಷೆ ಮಾಡ್‌ಬಸ್, ಅಷ್ಟೇ. ಡಬ್ಬಿ ಬಿಚ್ಚಿದ ದಿನವೇ ಐದು ಸ್ಟಾರ್ ಕೊಟ್ಟರೆ ಯಾರಿಗೂ ಉಪಯೋಗ ಇಲ್ಲ ಅಲ್ವಾ, ಅದಕ್ಕೆ ಈಗ ಬರೆಯುತ್ತಿದ್ದೇನೆ.

ಮೊದಲು ಇದ್ದದ್ದು ಅಗ್ಗದ ಯುಎಸ್‌ಬಿ ಕನ್ವರ್ಟರ್. ಬೇರೆ ಪೋರ್ಟಿಗೆ ಚುಚ್ಚಿದರೆ ಕಂಪ್ಯೂಟರ್ ಅದಕ್ಕೆ ಕೊಡುವ ಕಾಮ್ ನಂಬರ್ ಬದಲಾಗುತ್ತಿತ್ತು, ದೊಡ್ಡ ಮೋಟರ್ ಸ್ಟಾರ್ಟ್ ಆದರೆ ಸಾಕು, ಶಿಫ್ಟಿನ ಹುಡುಗನ ಫೋನ್: "ಸರ, ಸ್ಕ್ರೀನ್ ಮ್ಯಾಲ ಎಲ್ಲಾ ಸೊನ್ನಿ ಬರಾಕತ್ತಾವರೀ." ಒಮ್ಮೆ ಅರ್ಥ್ ಫಾಲ್ಟ್ ಆದಾಗ ಲ್ಯಾಪ್‌ಟಾಪಿನ ಪೋರ್ಟೇ ಹೋಯಿತು. ಫಾಲ್ಟ್ ಕರೆಂಟ್ ನೆಲಕ್ಕೆ ಇಳಿಯುವಾಗ ಪ್ಯಾನೆಲ್ ಕಡೆಯ ಅರ್ಥಿಗೂ ಕಂಟ್ರೋಲ್ ರೂಮಿನ ಅರ್ಥಿಗೂ ನಡುವೆ ವೋಲ್ಟೇಜ್ ಏಳುತ್ತದೆ, ಐಸೊಲೇಶನ್ (ಎರಡು ಕಡೆಯ ನಡುವೆ ನೇರ ವಿದ್ಯುತ್ ಸಂಪರ್ಕ ಇಲ್ಲದಂತೆ ಬೇರ್ಪಡಿಸುವುದು) ಇಲ್ಲದಿದ್ದರೆ ಅದು ಕಮ್ಯುನಿಕೇಶನ್ ಕೇಬಲ್ಲನ್ನೇ ದಾರಿ ಮಾಡಿಕೊಳ್ಳುತ್ತದೆ. ಈ ಗೇಟ್‌ವೇ ಬಂದ ಮೇಲೆ ಆ ತಲೆನೋವು ಮತ್ತೆ ಬಂದಿಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು ಇನ್ನೊಂದು. ಮಾಡ್‌ಬಸ್ ಆರ್‌ಟಿಯುನಲ್ಲಿ (485 ಲೈನಿನ ಮೇಲೆ ಓಡುವ ಮಾಡ್‌ಬಸ್) ಕೇಳುವವನು ಒಬ್ಬನೇ ಇರಬೇಕು, ಉಳಿದವರೆಲ್ಲ ಉತ್ತರ ಕೊಡುವವರು. ಸ್ಕಾಡಾ (ಕಂಟ್ರೋಲ್ ರೂಮಿನ ನಿಗಾ ಸಾಫ್ಟ್‌ವೇರ್) ಓದುತ್ತಿರುವಾಗ ನಾನೂ ಲ್ಯಾಪ್‌ಟಾಪ್ ಹಾಕಿ ಕೇಳಿದರೆ ಎರಡೂ ಕೆಡುತ್ತಿದ್ದವು. ಈಗ ಇಬ್ಬರೂ ಈಥರ್ನೆಟ್ ಕಡೆಯಿಂದ ಕೇಳುತ್ತೇವೆ, ಗೇಟ್‌ವೇ ಪಾಳಿ ಹಚ್ಚಿ ಒಂದೊಂದಾಗಿ ರಿಲೇಗೆ ಕಳಿಸುತ್ತದೆ.

ವೈರಿಂಗ್ ಮಾತ್ರ ಸರಿಯಾಗಿ ಮಾಡಿ. ಒಂದು ರಿಲೇಯಿಂದ ಮುಂದಿನದಕ್ಕೆ ಸರಪಳಿಯಂತೆ ಹೋಗಬೇಕು, ಮಧ್ಯೆ ಟೊಂಗೆ ಒಡೆಯಬಾರದು. ಎರಡೂ ತುದಿಯಲ್ಲಿ 120 ಓಮ್ ರೆಸಿಸ್ಟರ್. ಶೀಲ್ಡಿಗೆ ಅರ್ಥ್ ಒಂದೇ ಕಡೆ. ಒಬ್ಬರು ಎ ಅಂತ ಬರೆದ ಟರ್ಮಿನಲ್ಲನ್ನು ಇನ್ನೊಬ್ಬರು ಬಿ ಅಂತ ಬರೆದಿರುತ್ತಾರೆ, ಹಾಗಾಗಿ ಒಂದು ರಿಲೇ ಮಾತಾಡದಿದ್ದರೆ ಸೆಟ್ಟಿಂಗ್ ಕೆದಕುವ ಮೊದಲು ಆ ಎರಡು ವೈರು ಅದಲುಬದಲು ಮಾಡಿ ನೋಡಿ. ಒಂದು ಲೈನಿಗೆ 1200 ಮೀಟರ್ ಕೇಬಲ್, 32 ರಿಲೇ ತನಕ ಅನ್ನುವುದೆಲ್ಲ ಪುಸ್ತಕದ ಮಾತು. 32 ರಿಲೇ ಹಾಕಿ 9600 ಬಾಡ್‌ನಲ್ಲಿ (ಸೆಕೆಂಡಿಗೆ 9600 ಬಿಟ್ ವೇಗ) ಓದಿಸಿದರೆ ಸ್ಕ್ರೀನ್ ಎಷ್ಟು ನಿಧಾನ ಅಂತ ಗೊತ್ತಾಗುತ್ತದೆ.

ಬೇಜಾರಿನವೂ ಇವೆ. ಪವರ್ 24 ವೋಲ್ಟ್ ಡಿಸಿ ಮಾತ್ರ, ನಮ್ಮ ಸ್ಟೇಶನ್ ಬ್ಯಾಟರಿ 110, ನಡುವೆ ಇನ್ನೊಂದು ಕನ್ವರ್ಟರ್ ಹಾಕಬೇಕಾಯಿತು. ಬಗಾಸ್ (ಕಬ್ಬಿನ ಸಿಪ್ಪೆ) ಧೂಳು ಈಥರ್ನೆಟ್ ಪೋರ್ಟಿನೊಳಗೆ ಕೂರುತ್ತದೆ, ಹಂಗಾಮು ಮುಗಿದ ಮೇಲೆ ಬ್ರಷ್ ಹಿಡಿಯಲೇಬೇಕು. ಬಂದ ಪಾಸ್‌ವರ್ಡ್ ಹಾಗೇ ಬಿಟ್ಟರೂ ಸುಮ್ನೆ ಇರುತ್ತದೆ, ಬದಲಾಯಿಸು ಅನ್ನುವುದೇ ಇಲ್ಲ. ಮಾಡ್‌ಬಸ್‌ಗೆ ಅದರದೇ ಬೀಗ ಅಂತ ಇಲ್ಲ, ಆದ್ದರಿಂದ ಆಫೀಸಿನ ವೈಫೈಗೆ ಇದನ್ನು ಯಾವ ಕಾರಣಕ್ಕೂ ಸೇರಿಸಬೇಡಿ.

ಟ್ರಿಪ್ ಆದಾಗ, ಅಂದರೆ ಬ್ರೇಕರ್ ಬಿದ್ದಾಗ, ಯಾವುದು ಮೊದಲು ಅಂತ ಮಿಲಿಸೆಕೆಂಡ್ ಲೆಕ್ಕ ಸ್ಕ್ರೀನಿನಲ್ಲಿ ಹುಡುಕಬೇಡಿ, ಅದು ಸರದಿಯಲ್ಲಿ ಕೇಳಿ ತಂದ ಮಾಹಿತಿ. ರಿಲೇ ಒಳಗಿನ ಈವೆಂಟ್ ಲಾಗ್, ಡಿಸ್ಟರ್ಬೆನ್ಸ್ ರೆಕಾರ್ಡ್ (ಫಾಲ್ಟ್ ಸಮಯದ ಕರೆಂಟ್, ವೋಲ್ಟೇಜ್ ದಾಖಲೆ) ತೆಗೆಯಲು ನಾನು ಈಗಲೂ ಲ್ಯಾಪ್‌ಟಾಪ್ ಹಿಡಿದು ರಿಲೇ ಮುಂದೆಯೇ ನಿಲ್ಲುತ್ತೇನೆ. ಟ್ರಿಪ್ ವೈರು ರಿಲೇಯಿಂದ ಬ್ರೇಕರಿಗೆ ನೇರ ಇದ್ದ ಹಾಗೇ ಇರಲಿ.

ಹೊಸ ಪ್ಯಾನೆಲ್ ತರಿಸುವವರು ಐಇಸಿ 61850 (ಸಬ್‌ಸ್ಟೇಶನ್ ಸಾಧನಗಳ ಸಂವಹನದ ಅಂತರರಾಷ್ಟ್ರೀಯ ಮಾನದಂಡ) ಇರುವ ರಿಲೇ ಕೇಳಿ, ಅದು ನೇರ ಈಥರ್ನೆಟ್ಟಿಗೆ ಬರುತ್ತದೆ, ಗೂಸ್ ಅನ್ನುವ ಅದರ ವೇಗದ ಸಂದೇಶ ರಿಲೇ ರಿಲೇ ನಡುವೆಯೇ ಓಡುತ್ತದೆ, ಈ ಡಬ್ಬಿಯ ಗೊಡವೆ ಇಲ್ಲ. ಹಳೆಯದನ್ನೇ ಓಡಿಸುವವರು ಖಂಡಿತ ತಗೊಳ್ಳಿ. ಕೊಳ್ಳುವಾಗ ಒಂದೇ ಪ್ರಶ್ನೆ ಕೇಳಿ: ಐಸೊಲೇಶನ್ 485 ಪೋರ್ಟಿಗೂ ಇದೆಯಾ, ಇಲ್ಲ ಬರೀ ಪವರ್ ಸಪ್ಲೈಗೆ ಮಾತ್ರವಾ?